ಇಎಮ್‌ಡಿಆರ್ ಚಿಕಿತ್ಸೆಗೆ ಕೂರುವ ಮುನ್ನ

ತೀವ್ರ ಆಘಾತದ ನೆನಪುಗಳಿಂದ ಬಳಲುವವರಿಗೆ ಕೊಡುವ ಮಾನಸಿಕ ಚಿಕಿತ್ಸೆಯಾದ ಇಎಮ್‌ಡಿಆರ್ ಬಗ್ಗೆ ಕೇಳಿದವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಉಳಿಯುವುದು ಒಂದೇ ದೃಶ್ಯ: ಚಿಕಿತ್ಸಕರು ಎರಡು ಬೆರಳುಗಳನ್ನು ಅತ್ತಿತ್ತ ಆಡಿಸುತ್ತಾರೆ, ಎದುರು ಕುಳಿತವರು ತಲೆ ಅಲುಗಿಸದೆ ಕಣ್ಣಿನಿಂದ ಮಾತ್ರ ಅದನ್ನು ಹಿಂಬಾಲಿಸುತ್ತಾರೆ. ನೋಡುವವರಿಗೆ ವಿಚಿತ್ರವೆನಿಸುವ ಈ ಕ್ರಿಯೆಯೇ ಚಿಕಿತ್ಸೆಯ ಸರ್ವಸ್ವ ಎಂಬ ಭಾವನೆ ಹಬ್ಬಿರುವುದರಿಂದ, ಕೆಲವರು ಇದನ್ನು ಮಾಟಮಂತ್ರದ ಸಾಲಿಗೆ ಸೇರಿಸಿ ದೂರ ಉಳಿಯುತ್ತಾರೆ. ಮತ್ತೆ ಕೆಲವರು ಮೊದಲ ದಿನವೇ ಬೆರಳಾಡಿಸಿ ಹಳೆಯ ನೋವನ್ನು ಅಳಿಸಿಹಾಕುತ್ತಾರೆಂದು ನಂಬಿ ಹೋಗಿ, ಮೊದಲ ಎರಡು ಮೂರು ಭೇಟಿಗಳು ಬರೀ ಮಾತು ಮತ್ತು ಅಭ್ಯಾಸಗಳಲ್ಲೇ ಮುಗಿದಾಗ ನಿರಾಶರಾಗುತ್ತಾರೆ. ವಾಸ್ತವದಲ್ಲಿ ಬೆರಳು ಅಲುಗುವುದಕ್ಕೂ ಮುಂಚೆ ನಡೆಯುವ ಈ ಸಿದ್ಧತೆಯೇ ಚಿಕಿತ್ಸೆ ನಿಮಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅದರಲ್ಲಿ ನೀವು ಮಾಡಬೇಕಾದದ್ದೂ ಸಾಕಷ್ಟಿದೆ.

ಇದು ಏನು, ಏನಲ್ಲ

ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೋಸೆಸಿಂಗ್ ಎಂಬುದು ಇದರ ಪೂರ್ಣ ಹೆಸರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ತೀವ್ರತೆ ಕಣ್ಣುಗಳು ಅತ್ತಿತ್ತ ಚಲಿಸಿದಂತೆ ಕಡಿಮೆಯಾಗುವುದನ್ನು ಗಮನಿಸಿದರು ಎಂಬುದು ಅವರೇ ಹೇಳಿಕೊಂಡ ಆರಂಭದ ಕಥೆ. ಈ ಕುರಿತ ಅವರ ಮೊದಲ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಹೆಸರಿನಲ್ಲಿ 'ರೀಪ್ರೋಸೆಸಿಂಗ್' ಎಂಬ ಪದವಿರಲಿಲ್ಲ. ಭಾವನೆಯ ತೀವ್ರತೆ ಇಳಿಯುವುದಷ್ಟೇ ಅಲ್ಲದೆ ನೆನಪಿನ ಅರ್ಥವೇ ಬದಲಾಗುತ್ತದೆ ಎಂದು ಅವರಿಗೆ ತೋರಿದ ಮೇಲೆ ಆ ಪದ ಸೇರಿಕೊಂಡಿತು.

ಇದರ ಹಿಂದಿರುವ ಕಲ್ಪನೆ ಸರಳವಾದದ್ದು. ಸಾಮಾನ್ಯ ಅನುಭವಗಳು ದಿನ ಕಳೆದಂತೆ ಮನಸ್ಸಿನಲ್ಲಿ ಜೀರ್ಣವಾಗಿ 'ಹಿಂದೆ ನಡೆದದ್ದು' ಎಂಬ ಜಾಗಕ್ಕೆ ಹೋಗಿ ಕೂರುತ್ತವೆ. ತೀವ್ರ ಆಘಾತದ ಅನುಭವ ಹಾಗೆ ಜೀರ್ಣವಾಗದೆ ಅಂದಿನ ದೃಶ್ಯ, ಶಬ್ದ, ವಾಸನೆ, ಮೈಯ ನಡುಕ, 'ನಾನು ಅಸಹಾಯಕ' ಎಂಬ ಭಾವ, ಎಲ್ಲವೂ ಒಟ್ಟೊಟ್ಟಿಗೆ ಹಸಿಯಾಗಿಯೇ ಉಳಿದುಬಿಡುತ್ತದೆ; ಆದ್ದರಿಂದಲೇ ವರ್ಷಗಳ ನಂತರವೂ ಒಂದು ಸದ್ದು ಕೇಳಿಸಿದರೆ ಸಾಕು, ಆ ಕ್ಷಣ ಈಗಲೇ ನಡೆಯುತ್ತಿರುವಂತೆ ಮೈ ಪ್ರತಿಕ್ರಿಯಿಸುತ್ತದೆ. ಅರ್ಧಕ್ಕೆ ನಿಂತ ಆ ಜೀರ್ಣಕ್ರಿಯೆಯನ್ನು ಮುಂದುವರಿಸುವುದು ಈ ಚಿಕಿತ್ಸೆಯ ಉದ್ದೇಶ. ನೆನಪು ಅಳಿಸಿಹೋಗುವುದಿಲ್ಲ, ನಡೆದದ್ದು ನಿಮಗೆ ಗೊತ್ತಿರುತ್ತದೆ, ಅದರ ಮೊನೆ ಮೊಂಡಾಗುತ್ತದೆ ಅಷ್ಟೆ.

ಇದು ಸಂಮೋಹನವಲ್ಲ. ನೀವು ಪೂರ್ತಿ ಎಚ್ಚರದಲ್ಲಿರುತ್ತೀರಿ, ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು. ಘಟನೆಯ ಪ್ರತಿಯೊಂದು ವಿವರವನ್ನು ಬಾಯಿಬಿಟ್ಟು ಹೇಳಬೇಕೆಂಬ ಒತ್ತಾಯವೂ ಇಲ್ಲ. ಹೇಳಲು ನಾಲಗೆ ಏಳದಂಥ ಸಂಗತಿಗಳನ್ನು ಹೊತ್ತು ತಿರುಗುವವರಿಗೆ ಇದೊಂದು ದೊಡ್ಡ ಸಮಾಧಾನ. ಹಾಗೆಂದು ನೋವಿಲ್ಲದ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ಅದನ್ನು ಎದುರಿಸಲೇಬೇಕಾಗುತ್ತದೆ.

ಪುರಾವೆ ಎಷ್ಟಿದೆ

ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿ ಎಂದು ಕರೆಯುವ ಆಘಾತೋತ್ತರ ಒತ್ತಡದ ಕಾಯಿಲೆಗೆ, ಆಘಾತವನ್ನು ಕೇಂದ್ರವಾಗಿಟ್ಟುಕೊಂಡ ಅರಿವು-ವರ್ತನಾ ಚಿಕಿತ್ಸೆಯ (ಯೋಚನೆ ಮತ್ತು ನಡವಳಿಕೆಯ ರೀತಿಗಳನ್ನು ಬದಲಿಸುವ ಮಾತಿನ ಚಿಕಿತ್ಸೆ) ಜೊತೆಗೆ ಇಎಮ್‌ಡಿಆರ್ ಅನ್ನೂ ಸೂಚಿಸಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಯುದ್ಧಕ್ಕೆ ಸಂಬಂಧಿಸದ ಆಘಾತಕ್ಕೊಳಗಾದ ವಯಸ್ಕರಿಗೆ ಇದನ್ನು ಒಂದು ಆಯ್ಕೆಯಾಗಿ ಇಟ್ಟಿದೆ. ಸಾಮಾನ್ಯವಾಗಿ 8ರಿಂದ 12 ಭೇಟಿಗಳು ಬೇಕಾಗಬಹುದು, ಒಂದಕ್ಕಿಂತ ಹೆಚ್ಚು ಆಘಾತಗಳಿದ್ದರೆ ಇನ್ನೂ ಹೆಚ್ಚು ಎಂದು ಅದು ಹೇಳುತ್ತದೆ. ಆದ್ದರಿಂದ ಇದು ಅಂಚಿನಲ್ಲಿರುವ ಪ್ರಯೋಗವೇನಲ್ಲ.

ಆದರೆ ಚಿಕಿತ್ಸೆ ಫಲ ಕೊಡುತ್ತದೆ ಎಂಬುದು ಒಂದು ಮಾತು, ಕಣ್ಣಿನ ಚಲನೆಯಿಂದಲೇ ಫಲ ಬರುತ್ತದೆ ಎಂಬುದು ಬೇರೆ ಮಾತು. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೊಂದು ಕಣ್ಣಿನ ಚಲನೆಯಿಂದ ಹೆಚ್ಚಿನ ಲಾಭವೇನೂ ಕಾಣುತ್ತಿಲ್ಲ ಎಂದಿತು. 2013ರಲ್ಲಿ ನಡೆದ ಇನ್ನೊಂದು ವಿಶ್ಲೇಷಣೆ ಲಾಭವಿದೆ ಎಂದಿತು. ವಾದ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಹೆಚ್ಚು ಬೆಂಬಲ ಪಡೆದ ವಿವರಣೆಗಳಲ್ಲಿ ಒಂದು ಹೀಗಿದೆ: ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ವಿಷಯಕ್ಕೆ ಮಿತಿಯಿದೆ, ನೋವಿನ ದೃಶ್ಯವನ್ನು ನೆನೆಯುತ್ತಲೇ ಕಣ್ಣಿನಿಂದ ಬೆರಳನ್ನೂ ಹಿಂಬಾಲಿಸಬೇಕಾದಾಗ ಆ ಮಿತಿಯೊಳಗೆ ಪೈಪೋಟಿ ಉಂಟಾಗಿ ದೃಶ್ಯದ ಸ್ಪಷ್ಟತೆಯೂ ತೀವ್ರತೆಯೂ ಕುಗ್ಗುತ್ತವೆ. ಇದನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. 'ಮಿದುಳಿನ ಎಡಬಲ ಭಾಗಗಳನ್ನು ಜೋಡಿಸಿಬಿಡುತ್ತೇವೆ' ಎಂದು ಖಚಿತವಾದ ವಿಜ್ಞಾನದ ಧಾಟಿಯಲ್ಲಿ ಹೇಳುವ ಜಾಹೀರಾತುಗಳು ಧಾರಾಳವಾಗಿವೆ. ಅಷ್ಟು ಖಚಿತವಾಗಿ ಮಾತನಾಡುವವರ ಬಗ್ಗೆ ತುಸು ಎಚ್ಚರದಿಂದಿರುವುದು ಒಳ್ಳೆಯದು.

ಚಿಕಿತ್ಸಕರನ್ನು ಆರಿಸಿಕೊಳ್ಳುವುದು

ಮೊದಲು ನೋಡಬೇಕಾದದ್ದು ಇಎಮ್‌ಡಿಆರ್ ತರಬೇತಿಯನ್ನಲ್ಲ, ಅದಕ್ಕಿಂತ ಹಿಂದಿನ ವಿದ್ಯಾರ್ಹತೆಯನ್ನು. ಆ ವ್ಯಕ್ತಿ ಮನೋವೈದ್ಯರೋ, ಚಿಕಿತ್ಸಾ ಮನಶ್ಶಾಸ್ತ್ರಜ್ಞರೋ, ಅಥವಾ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡಲು ಅರ್ಹರಾದ ಬೇರೆ ವೃತ್ತಿಪರರೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇಎಮ್‌ಡಿಆರ್ ಎಂಬುದು ಈಗಾಗಲೇ ಚಿಕಿತ್ಸಕರಾಗಿರುವವರು ಕಲಿಯುವ ಹೆಚ್ಚುವರಿ ವಿದ್ಯೆ. ಅದೊಂದನ್ನೇ ಕಲಿತವರು ಚಿಕಿತ್ಸಕರಾಗುವುದಿಲ್ಲ. ಅಂತರರಾಷ್ಟ್ರೀಯ ಇಎಮ್‌ಡಿಆರ್ ಸಂಘವಾದ ಎಮ್‌ಡ್ರಿಯಾದ ಮೂಲ ತರಬೇತಿಯಲ್ಲಿ ಕನಿಷ್ಠ 20 ಗಂಟೆಗಳ ಪಾಠ, 20 ಗಂಟೆಗಳ ಮೇಲ್ವಿಚಾರಣೆಯ ಅಭ್ಯಾಸ ಮತ್ತು 10 ಗಂಟೆಗಳ ಸಮಾಲೋಚನೆ ಇರಬೇಕೆಂಬ ನಿಯಮವಿದೆ. ಈ ಅಳತೆಗೋಲನ್ನು ಮನಸ್ಸಿನಲ್ಲಿಟ್ಟುಕೊಂಡು, ನೀವು ಭೇಟಿಯಾಗುವವರು ಎಲ್ಲಿ, ಎಷ್ಟು ಕಾಲ, ಯಾರ ಮೇಲ್ವಿಚಾರಣೆಯಲ್ಲಿ ಕಲಿತರೆಂದು ಕೇಳಿ. ವಾರಾಂತ್ಯದ ಒಂದು ಶಿಬಿರ ಮುಗಿಸಿ ಬಂದವರ ಕೈಗೆ ಬಾಲ್ಯದಿಂದ ಹೊತ್ತುಕೊಂಡ ನೋವನ್ನು ಒಪ್ಪಿಸುವುದು ಸರಿಯಲ್ಲ.

ಇನ್ನೂ ಮುಖ್ಯವಾದ ಪ್ರಶ್ನೆ, ನಿಮ್ಮಂಥ ಸಮಸ್ಯೆಯವರೊಡನೆ ಅವರು ಕೆಲಸ ಮಾಡಿದ್ದಾರೆಯೇ ಎಂಬುದು. ಒಂದೇ ಅಪಘಾತದಿಂದ ಬಳಲುತ್ತಿರುವವರಿಗೂ, ವರ್ಷಗಟ್ಟಲೆ ಮನೆಯೊಳಗೇ ಹಿಂಸೆ ಅನುಭವಿಸಿದವರಿಗೂ ಚಿಕಿತ್ಸೆಯ ಹಾದಿ ಒಂದೇ ಆಗಿರುವುದಿಲ್ಲ. 'ಭೇಟಿಯ ನಡುವೆ ನಾನು ವಿಪರೀತ ಕಂಗೆಟ್ಟರೆ ನೀವು ಏನು ಮಾಡುತ್ತೀರಿ? ಎರಡು ಭೇಟಿಗಳ ನಡುವಿನ ದಿನಗಳಲ್ಲಿ ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು?' ಎಂದು ನೇರವಾಗಿ ಕೇಳಿ. ಉತ್ತರದಲ್ಲಿರುವ ವಿಷಯದಷ್ಟೇ, ಪ್ರಶ್ನೆ ಕೇಳಿದ್ದಕ್ಕೆ ಅವರ ಮುಖಭಾವ ಹೇಗಿತ್ತು ಎಂಬುದನ್ನೂ ಗಮನಿಸಿ. ಪ್ರಶ್ನೆ ಕೇಳಿದ್ದಕ್ಕೇ ಸಿಡುಕುವವರ ಮುಂದೆ ಅತ್ಯಂತ ಖಾಸಗಿ ನೋವನ್ನು ತೆರೆದಿಡಲು ನಿಮ್ಮ ಮನಸ್ಸು ಒಪ್ಪಲಾರದು.

ಮುಚ್ಚಿಡಬಾರದ ಸಂಗತಿಗಳು

ಮೊದಲ ಭೇಟಿಗಳಲ್ಲಿ ನಿಮ್ಮ ಪೂರ್ವಚರಿತ್ರೆಯನ್ನು ಕೇಳಿ ಬರೆದುಕೊಳ್ಳುತ್ತಾರೆ. ಇಲ್ಲಿ ನಾಚಿಕೆಯಿಂದಲೋ 'ಇದಕ್ಕೂ ಅದಕ್ಕೂ ಏನು ಸಂಬಂಧ' ಎಂಬ ಭಾವನೆಯಿಂದಲೋ ಬಿಟ್ಟುಬಿಡುವ ಕೆಲವು ಸಂಗತಿಗಳು ಮುಂದೆ ದುಬಾರಿಯಾಗುತ್ತವೆ. ಎಲ್ಲಕ್ಕಿಂತ ಮೊದಲನೆಯದು, ನಿಮಗೆ ನೀವೇ ದೂರವಾದಂತೆ ಆಗುವ ಅನುಭವ. ಮಾತನಾಡುತ್ತಿರುವಾಗ ಇದ್ದಕ್ಕಿದ್ದಂತೆ ಎಲ್ಲ ಮಂಜಾಗುವುದು, ತನ್ನ ದೇಹವನ್ನು ತಾನೇ ಹೊರಗಿನಿಂದ ನೋಡುತ್ತಿರುವಂತೆ ಅನಿಸುವುದು, ಗಂಟೆಗಳು ಹೇಗೆ ಕಳೆದವೆಂದೇ ನೆನಪಿಲ್ಲದಿರುವುದು, ಮಾಡಿದ ಕೆಲಸ ತಾನು ಮಾಡಿದ್ದೆಂದು ಗೊತ್ತಿಲ್ಲದಿರುವುದು ಇವೆಲ್ಲ ಡಿಸೋಸಿಯೇಶನ್ ಎಂಬ ಸ್ಥಿತಿಯ ಲಕ್ಷಣಗಳಾಗಿರಬಹುದು. ಇದನ್ನು ಗುರುತಿಸದೆ ನೇರವಾಗಿ ಆಘಾತದ ನೆನಪಿಗೆ ಕೈಹಾಕಿದರೆ ಸ್ಥಿತಿ ಹದಗೆಡುವ ಅಪಾಯವಿದೆ. ಇದಿದ್ದರೆ ಚಿಕಿತ್ಸೆ ಸಾಧ್ಯವಿಲ್ಲ ಎಂದರ್ಥವಲ್ಲ. ಸಿದ್ಧತೆಯ ಹಂತ ಹೆಚ್ಚು ದೀರ್ಘವಾಗಬೇಕು, ಮತ್ತು ಈ ವಿಷಯ ಬಲ್ಲ ಚಿಕಿತ್ಸಕರೇ ಬೇಕು. ಜಾಗರೂಕರಾದವರು ಇದಕ್ಕೆಂದೇ ಇರುವ ಪ್ರಶ್ನಾವಳಿಯನ್ನು ಆರಂಭದಲ್ಲಿಯೇ ಕೊಡುತ್ತಾರೆ. ನಿಮ್ಮ ಚಿಕಿತ್ಸಕರು ಆ ವಿಷಯವನ್ನೇ ಎತ್ತದಿದ್ದರೆ ನೀವೇ ಎತ್ತಿ.

ಸಾಯಬೇಕೆಂಬ ಯೋಚನೆ, ಮೈಗೆ ಗಾಯ ಮಾಡಿಕೊಳ್ಳುವ ಅಭ್ಯಾಸ, ಮದ್ಯ ಅಥವಾ ಮಾದಕ ವಸ್ತುವಿನ ಬಳಕೆ ಈಗ ಇದ್ದರೂ ಹಿಂದೆ ಇದ್ದರೂ ತಿಳಿಸಿ. ಆ ಯೋಚನೆ ಈ ಹೊತ್ತಿನಲ್ಲೇ ಪ್ರಬಲವಾಗಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ತಕ್ಷಣ ತುರ್ತು ವೈದ್ಯಕೀಯ ನೆರವು ಪಡೆಯಿರಿ. ಮೂರ್ಛೆರೋಗ, ಹೃದಯದ ತೊಂದರೆ, ಗರ್ಭಿಣಿಯಾಗಿರುವುದು, ತಲೆಗೆ ಬಿದ್ದ ಪೆಟ್ಟು, ಮೈಗ್ರೇನ್, ಕಣ್ಣಿನ ಶಸ್ತ್ರಚಿಕಿತ್ಸೆ ಇವೂ ಪಟ್ಟಿಯಲ್ಲಿರಲಿ. ಕಣ್ಣಿನ ಚಲನೆ ಒಗ್ಗದವರಿಗೆ ಅಂಗೈಗಳ ಮೇಲೆ ಎಡಬಲವಾಗಿ ತಟ್ಟುವುದು, ಎರಡು ಕಿವಿಗಳಿಗೆ ಒಂದಾದ ಮೇಲೊಂದರಂತೆ ಸಣ್ಣ ಧ್ವನಿ ಕೇಳಿಸುವುದು ಮುಂತಾದ ಬದಲಿ ಕ್ರಮಗಳಿವೆ. ಚಲನೆಯ ನಡುವೆ ಕಣ್ಣು ನೋವು ಬಂದರೆ ಸಹಿಸಿಕೊಂಡು ಕೂರಬೇಡಿ, ಅಲ್ಲಿಗೇ ನಿಲ್ಲಿಸಿ.

ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಹೆಸರನ್ನು ಬರೆದುಕೊಂಡು ಹೋಗಿ. ಆತಂಕ ತಗ್ಗಿಸುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳು ಭಾವನೆಗಳನ್ನು ಮಂಕಾಗಿಸುವುದರಿಂದ ಅವನ್ನು ತೆಗೆದುಕೊಳ್ಳುವ ಸಮಯದ ಬಗ್ಗೆ ಚರ್ಚೆ ಬರಬಹುದು. ಆದರೆ ಚಿಕಿತ್ಸೆಗೆ ಅಡ್ಡಿಯಾದೀತೆಂದು ನೀವೇ ಮಾತ್ರೆ ನಿಲ್ಲಿಸುವುದು ಅಪಾಯಕಾರಿ. ಈ ಗುಂಪಿನ ಔಷಧಿಯನ್ನು ದಿಢೀರನೆ ಬಿಟ್ಟವರಿಗೆ ಮೂರ್ಛೆರೋಗದಲ್ಲಿ ಬರುವಂಥ ಸೆಳವು (ಫಿಟ್ಸ್) ಬರುವುದುಂಟು. ಬದಲಾವಣೆ ಏನಿದ್ದರೂ ಅದನ್ನು ಬರೆದುಕೊಟ್ಟ ವೈದ್ಯರ ಮೂಲಕವೇ ಆಗಬೇಕು.

ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಸಂಗತಿಯಿದೆ. ನಿಮ್ಮ ಆಘಾತ ಒಂದು ಮೊಕದ್ದಮೆಗೆ ಸಂಬಂಧಿಸಿದ್ದು, ಮುಂದೆ ನೀವು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಿದ್ದರೆ, ಚಿಕಿತ್ಸೆ ಶುರು ಮಾಡುವ ಮೊದಲು ವಕೀಲರೊಡನೆ ಮಾತನಾಡಿ. ಚಿಕಿತ್ಸೆಯ ನಂತರ ದೃಶ್ಯದ ವಿವರಗಳು ಮಸುಕಾಗಬಹುದು, ಅದನ್ನು ಹೇಳುವಾಗಿನ ಭಾವೋದ್ವೇಗ ತಗ್ಗಬಹುದು, ಎದುರು ಪಕ್ಷದವರು ನೆನಪಿನ ನಂಬಲರ್ಹತೆಯನ್ನೇ ಪ್ರಶ್ನಿಸಬಹುದು. ಇದರ ಜೊತೆಗೇ ಹೇಳಬೇಕಾದ ಮಾತೆಂದರೆ, ಭೇಟಿಯ ನಡುವೆ ಹೊಸದಾಗಿ ತೇಲಿಬಂದ ದೃಶ್ಯ ಎಷ್ಟೇ ಸ್ಪಷ್ಟವಾಗಿದ್ದರೂ ಆ ಸ್ಪಷ್ಟತೆಯೇ ಅದು ನಡೆದಿತ್ತೆಂಬುದಕ್ಕೆ ಪುರಾವೆಯಲ್ಲ. ಮರೆತ ನೆನಪುಗಳನ್ನು ಹೊರತೆಗೆದುಕೊಡುತ್ತೇನೆಂದು ಭರವಸೆ ನೀಡುವವರಿಂದ ದೂರವಿರಿ.

ಇದು ತಕ್ಕ ಸಮಯವೇ?

ಈಗಲೂ ಹಿಂಸೆ ನಡೆಯುತ್ತಿರುವ ಮನೆಯಲ್ಲಿಯೇ ನೀವಿದ್ದರೆ, ಹಳೆಯ ನೆನಪಿಗಿಂತ ಇಂದಿನ ಸುರಕ್ಷತೆಯೇ ಮೊದಲು; ನಿಜವಾದ ಅಪಾಯ ಎದುರಿಗಿರುವಾಗ ಮೈಯ ಎಚ್ಚರವನ್ನು ಇಳಿಸುವುದು ವಿವೇಕವಲ್ಲ. ಪರೀಕ್ಷೆ, ಮದುವೆ, ದೊಡ್ಡ ಶಸ್ತ್ರಚಿಕಿತ್ಸೆ, ಕೆಲಸದ ಬದಲಾವಣೆಯಂಥವು ಮುಂದಿನ ಕೆಲವೇ ವಾರಗಳಲ್ಲಿದ್ದರೆ ಸಿದ್ಧತೆಯ ಹಂತವನ್ನು ಆರಂಭಿಸಿ, ನೆನಪಿನ ಕೆಲಸವನ್ನು ಸ್ವಲ್ಪ ಮುಂದಕ್ಕೆ ಹಾಕುವ ಬಗ್ಗೆ ಚಿಕಿತ್ಸಕರೊಡನೆ ಚರ್ಚಿಸಿ. ಬದುಕು ಪೂರ್ತಿ ತಿಳಿಯಾಗುವವರೆಗೆ ಕಾಯಬೇಕೆಂದು ಇದರ ಅರ್ಥವಲ್ಲ. ಹಾಗೆ ಕಾದರೆ ಯಾರೂ ಎಂದೂ ಶುರು ಮಾಡಲಾರರು.

ಸಿದ್ಧತೆಯ ಅಭ್ಯಾಸಗಳು

ಎಂಟು ಹಂತಗಳಿರುವ ಈ ಚಿಕಿತ್ಸೆಯಲ್ಲಿ ಎರಡನೆಯದು ಸಿದ್ಧತೆ. ಮನಸ್ಸು ಕಲಕಿದಾಗ ಅದನ್ನು ಮತ್ತೆ ತಿಳಿಗೊಳಿಸಿಕೊಳ್ಳುವ ಕೆಲವು ಉಪಾಯಗಳನ್ನು ಇಲ್ಲಿ ಕಲಿಸುತ್ತಾರೆ. ಪ್ರಶಾಂತವಾದ ಒಂದು ಜಾಗವನ್ನು ಅದರ ಬೆಳಕು, ಗಾಳಿ, ಸದ್ದುಗಳ ಸಮೇತ ಕಲ್ಪಿಸಿಕೊಳ್ಳುವುದು ಒಂದು; ಅಂದಿಗೆ ಮುಗಿಯದ ನೆನಪನ್ನು ಗಟ್ಟಿಯಾದ ಪೆಟ್ಟಿಗೆಯೊಂದರಲ್ಲಿಟ್ಟು ಮುಚ್ಚಳ ಹಾಕಿದಂತೆ ಕಲ್ಪಿಸಿಕೊಳ್ಳುವುದು ಇನ್ನೊಂದು. ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು ಭುಜದ ಬಳಿ ಎಡಬಲವಾಗಿ ಮೆಲ್ಲನೆ ತಟ್ಟಿಕೊಳ್ಳುವ 'ಚಿಟ್ಟೆಯ ಅಪ್ಪುಗೆ'ಯೂ ಬಳಕೆಯಲ್ಲಿದೆ. ಮೆಕ್ಸಿಕೋದ ಅಕಪುಲ್ಕೊವನ್ನು 1997ರಲ್ಲಿ ಅಪ್ಪಳಿಸಿದ ಪೌಲೀನಾ ಚಂಡಮಾರುತದ ಸಂತ್ರಸ್ತರೊಡನೆ ಕೆಲಸ ಮಾಡುವಾಗ ಲುಸಿನಾ ಆರ್ಟಿಗಾಸ್ ಅವರು ರೂಪಿಸಿದ ವಿಧಾನವಿದು.

ಇವೆಲ್ಲ ಮಕ್ಕಳಾಟದಂತೆ ಕಾಣುತ್ತವೆಂಬುದು ನಿಜ, ಅದಕ್ಕಾಗಿಯೇ ಅನೇಕರು ಮನೆಯಲ್ಲಿ ಅಭ್ಯಾಸ ಮಾಡುವುದಿಲ್ಲ. ಆದರೆ ಈಜು ಕಲಿಯುವವನು ಆಳದ ನೀರಿನ ನಡುವೆ ನಿಂತು ಕೈಕಾಲು ಬಡಿಯುವುದನ್ನು ಕಲಿಯಲಾಗುವುದಿಲ್ಲ. ಮನಸ್ಸು ಶಾಂತವಾಗಿರುವಾಗಲೇ ದಿನಕ್ಕೆ ಐದು ಹತ್ತು ನಿಮಿಷ ಅಭ್ಯಾಸ ಮಾಡಿ, ಆಮೇಲೆ ಸಣ್ಣ ಕಿರಿಕಿರಿಯಾದ ದಿನ ಅದು ಕೆಲಸ ಮಾಡುತ್ತದೋ ನೋಡಿ. ಮಾಡದಿದ್ದರೆ ಅದನ್ನು ಹಾಗೆಯೇ ಚಿಕಿತ್ಸಕರಿಗೆ ಹೇಳಿ. ಸುರಕ್ಷಿತವೆನಿಸುವ ಒಂದು ಜಾಗವೂ ನೆನಪಿಗೆ ಬಾರದವರಿದ್ದಾರೆ, ಪ್ರಶಾಂತ ಜಾಗವೆಂದು ನೆನೆದದ್ದರೊಳಗೇ ಕೆಟ್ಟ ನೆನಪು ನುಸುಳಿ ಬರುವವರಿದ್ದಾರೆ. ಅದು ಸೋಲಲ್ಲ. ಅಂಥವರಿಗೆ ನೆಲಕ್ಕೆ ಊರಿದ ಪಾದ, ಕೈಯಲ್ಲಿ ಹಿಡಿದ ತಣ್ಣನೆಯ ವಸ್ತು, ಕೋಣೆಯಲ್ಲಿ ಕಾಣುವ ಐದು ಬಣ್ಣಗಳು ಇಂಥ ನೇರ ಇಂದ್ರಿಯಾನುಭವಗಳೇ ಹೆಚ್ಚು ಆಸರೆಯಾಗಬಹುದು.

ನಿಲ್ಲಿಸುವ ಸನ್ನೆಯನ್ನು ಈ ಹಂತದಲ್ಲಿಯೇ ನಿಗದಿ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಕೈ ಎತ್ತುವುದು. ನೆನಪಿನ ಕೆಲಸಕ್ಕೆ ಇಳಿಯುವ ಮುನ್ನ ಅದನ್ನು ಒಮ್ಮೆ ಸುಮ್ಮನೆ ಬಳಸಿ ನೋಡಿ. ಹಿರಿಯರ ಮುಂದೆ, ವೈದ್ಯರ ಮುಂದೆ 'ಸಾಕು' ಎನ್ನಲು ಸಂಕೋಚಪಡುವ ಸ್ವಭಾವದವರಿಗೆ, ಅದರಲ್ಲೂ 'ಬೇಡ' ಎಂದದ್ದನ್ನು ಯಾರೂ ಲೆಕ್ಕಿಸದಿದ್ದ ಅನುಭವವೇ ಆಘಾತದ ಮೂಲವಾಗಿರುವವರಿಗೆ, ಕೈ ಎತ್ತಿದ ತಕ್ಷಣ ಎದುರಿನವರು ನಿಲ್ಲಿಸಿದ್ದನ್ನು ಕಣ್ಣಾರೆ ಕಾಣುವುದೇ ಒಂದು ಚಿಕಿತ್ಸೆ.

ನೆನಪಿನ ಕೆಲಸದ ದಿನ

ಆ ದಿನದ ಭೇಟಿ 60ರಿಂದ 90 ನಿಮಿಷಗಳಷ್ಟಿರುತ್ತದೆ. ಆರಿಸಿಕೊಂಡ ನೆನಪಿನ ಅತ್ಯಂತ ಕೆಟ್ಟ ದೃಶ್ಯ ಯಾವುದು, ಅದನ್ನು ನೆನೆದಾಗ ನಿಮ್ಮ ಬಗ್ಗೆ ನಿಮಗೆ ಏನನಿಸುತ್ತದೆ, ಅದರ ಬದಲು ಏನನಿಸಬೇಕೆಂದು ಬಯಸುತ್ತೀರಿ, ಮೈಯಲ್ಲಿ ಎಲ್ಲಿ ಬಿಗಿಯಾಗುತ್ತದೆ ಎಂದು ಕೇಳುತ್ತಾರೆ. 'ತಪ್ಪು ನನ್ನದೇ' ಎಂಬುದು ಮೊದಲ ಬಗೆಯ ಮಾತು, 'ನನ್ನಿಂದ ಆಗುವುದನ್ನು ನಾನು ಮಾಡಿದೆ' ಎಂಬುದು ಎರಡನೆಯ ಬಗೆಯದು. ಸಂಕಟದ ತೀವ್ರತೆಯನ್ನು 0ಯಿಂದ 10ರವರೆಗೆ, ಬಯಸಿದ ಮಾತು ಎಷ್ಟು ನಿಜವೆನಿಸುತ್ತದೆ ಎಂಬುದನ್ನು 1ರಿಂದ 7ರವರೆಗೆ ಅಂಕಿಯಲ್ಲಿ ಹೇಳಬೇಕಾಗುತ್ತದೆ. ಇದು ಪರೀಕ್ಷೆಯಲ್ಲ, ಚಿಕಿತ್ಸಕರನ್ನು ಮೆಚ್ಚಿಸಲು ಅಂಕಿ ಇಳಿಸಿ ಹೇಳಬೇಡಿ.

ಬಳಿಕ ಸುಮಾರು ಅರ್ಧ ನಿಮಿಷದ ಚಲನೆ, ವಿರಾಮ, 'ಈಗ ಏನು ಬಂತು?' ಎಂಬ ಪ್ರಶ್ನೆ, ಮತ್ತೆ ಚಲನೆ. ಬರುವುದು ದೃಶ್ಯವಿರಬಹುದು, ಗಂಟಲಿನ ಬಿಗಿತವಿರಬಹುದು, ಸಂಬಂಧವೇ ಇಲ್ಲದಂತೆ ತೋರುವ ಶಾಲೆಯ ದಿನಗಳ ನೆನಪಿರಬಹುದು, ಏನೂ ಬಾರದೆಯೂ ಇರಬಹುದು. ಓಡುವ ರೈಲಿನ ಕಿಟಕಿಯಿಂದ ಕಾಣುವುದನ್ನು ನೋಡುವಂತೆ ನೋಡಿ, ಬಂದದ್ದನ್ನು ಬಂದಂತೆ ಹೇಳಿದರೆ ಸಾಕು. ಒಂದು ಭೇಟಿಯಲ್ಲಿ ನೆನಪಿನ ಕೆಲಸ ಪೂರ್ಣವಾಗದಿರುವುದು ಸಾಮಾನ್ಯ. ಹಾಗಾದಾಗ ಅಭ್ಯಾಸ ಮಾಡಿಟ್ಟ ಉಪಾಯಗಳಿಂದ ಮನಸ್ಸನ್ನು ತಿಳಿಗೊಳಿಸಿಯೇ ನಿಮ್ಮನ್ನು ಕಳುಹಿಸಬೇಕು. ಸಮಯ ಮುಗಿಯಿತೆಂದು ಅಳುತ್ತಿರುವವರನ್ನು ಹಾಗೆಯೇ ಎಬ್ಬಿಸಿ ಕಳುಹಿಸುವುದು ಒಳ್ಳೆಯ ಕ್ರಮವಲ್ಲ.

ಮನೆಗೆ ಹೋದ ಮೇಲೆ

ಭೇಟಿಯ ನಂತರದ ಒಂದೆರಡು ದಿನ ದಣಿವು, ತಲೆನೋವು, ಗಾಢವಾದ ಕನಸುಗಳು, ಕಾರಣವಿಲ್ಲದೆ ಬರುವ ಅಳು ಅಥವಾ ಸಿಡುಕು ಕಾಣಿಸಬಹುದು. ಆದ್ದರಿಂದ ಆ ಸಂಜೆಗೆ ಮುಖ್ಯವಾದ ಕೆಲಸ ಇಟ್ಟುಕೊಳ್ಳಬೇಡಿ, ಸಾಧ್ಯವಿದ್ದರೆ ವಾಹನವನ್ನು ಬೇರೆಯವರು ನಡೆಸಲಿ, ಮನಸ್ಸನ್ನು ಮಂಕುಮಾಡಲು ಮದ್ಯದ ಮೊರೆ ಹೋಗಬೇಡಿ. ಮನೆಯವರಲ್ಲಿ ಒಬ್ಬರಿಗಾದರೂ ಮೊದಲೇ ತಿಳಿಸಿಡಿ. ಏನು ನೆನಪಾಯಿತೆಂದು ಕೆದಕಿ ಕೇಳದೆ ಸುಮ್ಮನೆ ಜೊತೆಗಿದ್ದರೆ ಸಾಕೆಂಬುದನ್ನೂ ಸೇರಿಸಿ ಹೇಳಿ. ಏಳುವ ನೆನಪುಗಳನ್ನು ಪುಟಗಟ್ಟಲೆ ಬರೆಯುತ್ತ ಅದರೊಳಗೇ ಮುಳುಗಬೇಡಿ. ಯಾವುದು ಕೆದಕಿತು, ಏನು ಕಂಡಿತು, ಏನನಿಸಿತು, ಮೈಯಲ್ಲಿ ಎಲ್ಲಿ ಎಂದು ಎರಡು ಸಾಲು ಗುರುತು ಹಾಕಿಕೊಂಡು ಮುಂದಿನ ಭೇಟಿಗೆ ಒಯ್ಯಿರಿ. ಕಣ್ಣಿನ ಚಲನೆಗೆಂದೇ ಸಿಗುವ ಆ್ಯಪ್‌ಗಳನ್ನು ಹಾಕಿಕೊಂಡು ಆಘಾತದ ನೆನಪಿನ ಮೇಲೆ ಒಬ್ಬರೇ ಕೆಲಸ ಮಾಡಲು ಹೋಗಬೇಡಿ. ಕೈ ಎತ್ತಿದಾಗ ಅಲ್ಲಿ ನೋಡುವವರು ಯಾರೂ ಇರುವುದಿಲ್ಲ.

ಸ್ವಲ್ಪ ಕಲಕಿ ಮತ್ತೆ ತಿಳಿಯಾಗುವುದಕ್ಕೂ, ವಾರದಿಂದ ವಾರಕ್ಕೆ ಕುಸಿಯುವುದಕ್ಕೂ ವ್ಯತ್ಯಾಸವಿದೆ. ನಿದ್ದೆ ಪೂರ್ತಿ ಕೆಟ್ಟು, ದಿನನಿತ್ಯದ ಕೆಲಸಗಳೇ ನಿಂತು, ಮಂಜು ಕವಿದಂಥ ಗಳಿಗೆಗಳು ಹೆಚ್ಚುತ್ತಿದ್ದರೆ ಮುಂದಿನ ದಿನಾಂಕಕ್ಕೆ ಕಾಯದೆ ಚಿಕಿತ್ಸಕರಿಗೆ ತಿಳಿಸಿ, ನೆನಪಿನ ಕೆಲಸ ನಿಲ್ಲಿಸಿ ಸಿದ್ಧತೆಯ ಹಂತಕ್ಕೆ ಮರಳಲು ಕೇಳಿ. ಹಲವು ಭೇಟಿಗಳ ನಂತರವೂ ಸಂಕಟದ ಅಂಕಿ ಸ್ವಲ್ಪವೂ ಇಳಿಯದಿದ್ದರೆ, ಆರಿಸಿಕೊಂಡ ನೆನಪು ಸರಿಯಾದುದೇ, ಅದಕ್ಕೂ ಹಿಂದಿನ ನೆನಪೊಂದು ತಡೆಯುತ್ತಿದೆಯೇ ಎಂದು ಇಬ್ಬರೂ ಕೂತು ನೋಡಬೇಕು. ಅದರಿಂದಲೂ ಆಗದಿದ್ದರೆ ಆಘಾತಕ್ಕೆ ಪುರಾವೆಯಿರುವ ಬೇರೆ ಚಿಕಿತ್ಸೆಗಳಿವೆ. ಅವುಗಳತ್ತ ಕಳುಹಿಸಿಕೊಡಿ ಎಂದು ಕೇಳುವುದರಿಂದ ಒಳ್ಳೆಯ ಚಿಕಿತ್ಸಕರು ಮುನಿಸಿಕೊಳ್ಳುವುದಿಲ್ಲ.